ಅವ್ವನ ಜೊತೆ ಮಾಲ್ಟಾದಲ್ಲಿ ಒಂಬತ್ತು ದಿನ

ನಮ್ಮದು ಗಂಗಾವತಿ ಕಡೆ. ಹಿರೇಬೆಣಕಲ್ಲಿನ ಮೋರೇರ ಗುಡ್ಡದ, ಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಕಲ್ಲುಮನೆಗಳನ್ನು ನೋಡುತ್ತಲೇ ಅವ್ವ ಬೆಳೆದಳು. ಅವನ್ನು ಕುಳ್ಳರು ಕಟ್ಟಿದ್ದು ಅಂತ ಅವಳಿಗೆ ಅವಳ ಅಜ್ಜಿ ಹೇಳಿದ್ದಳಂತೆ. ಪಿರಮಿಡ್ಡಿಗಿಂತ ಹಳೆಯ ಕಲ್ಲಿನ ಗುಡಿಗಳು ಒಂದು ಪುಟ್ಟ ದ್ವೀಪ ದೇಶದಲ್ಲಿವೆ ಅಂತ ನಾನು ಫೋಟೋ ತೋರಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಬಸ್ಸು ಹೋಗತೈತೇನು?"

ಹೋಗುತ್ತದೆ. ಮಾಲ್ಟಾದ ಎಲ್ಲ ಊರಿಗೂ ಬಸ್ಸು ಹೋಗುತ್ತದೆ. ಮೇ ತಿಂಗಳಲ್ಲಿ ನಾವಿಬ್ಬರೂ ಒಂಬತ್ತು ದಿನ ಬಸ್ಸಿನಲ್ಲೇ ಓಡಾಡಿ ಬಂದೆವು. ಅವ್ವನಿಗೆ 66 ವರ್ಷ, ಮೊಣಕಾಲು ನೋವಿದೆ, ಮಾಂಸ-ಮೀನು ಮುಟ್ಟುವುದಿಲ್ಲ. ಮನೆಯಲ್ಲಿ ಹಿರಿಯರನ್ನು ಕರೆದುಕೊಂಡು ಹೋಗುವ ಯೋಚನೆ ಇರುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಮೊದಲು ವೀಸಾ. ಮಾಲ್ಟಾ ಷೆಂಗೆನ್ ಗುಂಪಿನ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಲ್ಲಿ ಒಂದು. ಹಾಗಾಗಿ ಬೇಕಾದದ್ದು ಷೆಂಗೆನ್ ವೀಸಾ, ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಹೊರಡುವ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ನಾವು ಎರಡು ತಿಂಗಳು ಮುಂಚೆ ಹಾಕಿದೆವು. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆ ಇರಲೇಬೇಕು. ವಾಪಸ್ ಬರುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

ನನ್ನ ಕಾಗದಗಳು ಸುಲಭ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜಾ ಪತ್ರ, ಆದಾಯ ತೆರಿಗೆ ರಿಟರ್ನ್ ಇಟ್ಟರೆ ಆಯ್ತು. ಅವ್ವನದ್ದೇ ತಲೆನೋವು. ಅವಳಿಗೆ ಸಂಬಳವೂ ಇಲ್ಲ, ಪಿಂಚಣಿಯೂ ಇಲ್ಲ. ಇರುವುದು ಮೂರು ಎಕರೆ ಗದ್ದೆ. ಅವಳು ಊರಿಗೆ ವಾಪಸ್ ಬರುತ್ತಾಳೆ ಅನ್ನುವುದಕ್ಕೆ ಆ ಗದ್ದೆಗಿಂತ ದೊಡ್ಡ ಸಾಕ್ಷಿ ಯಾವುದು? ಆದರೆ ಪಹಣಿ ಇರುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ ಇಟ್ಟೆವು. ಖರ್ಚೆಲ್ಲ ನನ್ನದು ಅಂತ ನಾನೊಂದು ಪತ್ರ ಬರೆದುಕೊಟ್ಟೆ. ಅವಳು ನನ್ನ ತಾಯಿ ಅನ್ನುವುದಕ್ಕೆ ನನ್ನ ಜನನ ಪ್ರಮಾಣಪತ್ರ ಕೊಟ್ಟೆ. ಯಾವ ದಿನ ಎಲ್ಲಿರುತ್ತೇವೆ ಅಂತ ಒಂದು ಪುಟದಲ್ಲಿ ದಿನದ ಲೆಕ್ಕದಲ್ಲಿ ಬರೆದೆ. ರೂಮನ್ನು ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿದೆ, ವಿಮಾನಕ್ಕೆ ಪೂರ್ತಿ ದುಡ್ಡು ಕಟ್ಟಿದ್ದು ವೀಸಾ ಕೈಗೆ ಬಂದ ಮೇಲೇ. ಹಳ್ಳಿಯ ಹಿರಿಯರಿಗೆ ವೀಸಾ ಕೊಡುವುದಿಲ್ಲ ಅಂತ ಸುಮಾರು ಜನ ಹೆದರಿಸಿದ್ದರು. ಕಾಗದ ಸರಿಯಿದ್ದರೆ ಆಗುತ್ತದೆ. ನಮಗೆ ಆಯ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯುರೋಪ್ ಒಕ್ಕೂಟದ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವ ಹಾಗಿಲ್ಲ. ಅಂದರೆ ತುಪ್ಪ, ಪೇಡಾ, ಕುಂದಾ ಯಾವುದೂ ಇಲ್ಲ. ಅವ್ವ ಡಬ್ಬಿಗೆ ತುಂಬಿಟ್ಟಿದ್ದ ತುಪ್ಪವನ್ನು ಕೊನೆ ಗಳಿಗೆಯಲ್ಲಿ ತೆಗೆಸಿದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅವಲಕ್ಕಿ ಜೊತೆಗೆ ಬಂದವು. ಹಾಗೇ ಅಲ್ಲಿನ ಪ್ಲಗ್ಗು ಬ್ರಿಟಿಷರದ್ದು, ಚೌಕ ಕಾಲಿನ ಮೂರು ಪಿನ್ನು. ನಮ್ಮ ದುಂಡು ಪಿನ್ನು ಕೂರುವುದಿಲ್ಲ. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಭಾರತದಿಂದ ನೇರ ವಿಮಾನ ಇಲ್ಲ. ನಾವು ದುಬೈ ಮೇಲೆ ಹೋದೆವು. ದುಬೈನಿಂದ ಹೊರಟ ವಿಮಾನ ನಡುವೆ ಸೈಪ್ರಸ್‌ನ ಲಾರ್ನಕಾದಲ್ಲಿ ಇಳಿದು ಆಮೇಲೆ ಮಾಲ್ಟಾಕ್ಕೆ ಹೋಯಿತು. ಟಿಕೆಟ್ ಮಾಡುವಾಗಲೇ ಅವ್ವನಿಗೆ ಗಾಲಿಕುರ್ಚಿ ಕೇಳಿದ್ದೆ. ಅದಕ್ಕೆ ದುಡ್ಡಿಲ್ಲ. "ನಡೀಲಿಕ್ಕೆ ಬರತೈತಿ, ಯಾಕ ಬೇಕು" ಅಂತ ಅವಳು ಬೇಡ ಅಂದಿದ್ದಳು. ದುಬೈನ ಆ ಉದ್ದುದ್ದ ದಾರಿ ನೋಡಿದ ಮೇಲೆ ಸುಮ್ನೆ ಕೂತಳು.

ಮಾಲ್ಟಾ ದೇಶ ಇಡೀ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧವೂ ಇಲ್ಲ. ಮುಖ್ಯ ದ್ವೀಪದ ಉದ್ದ 27 ಕಿಲೋಮೀಟರ್. ಅದನ್ನು ನೋಡಿ ನಾನು ಮೊದಲು ನಾಲ್ಕೇ ದಿನದ ಲೆಕ್ಕ ಹಾಕಿದ್ದೆ. ದಿನಕ್ಕೆ ಮೂರು ಜಾಗ ಅಂತ ಪಟ್ಟಿಯೂ ಮಾಡಿದ್ದೆ. ಆ ಪಟ್ಟಿಯನ್ನು ಹರಿದುಹಾಕಿದ್ದೇ ಈ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ. ಅಲ್ಲಿ ದೂರ ಕಡಿಮೆ, ಆದರೆ ಹೊತ್ತು ಜಾಸ್ತಿ ಹಿಡಿಯುತ್ತದೆ. ರಸ್ತೆ ಕಿರಿದು, ಕಾರುಗಳು ಬಹಳ, ಬಸ್ಸು ಪ್ರತಿ ಊರೊಳಗೂ ಹೊಕ್ಕು ಬರುತ್ತದೆ. ರಾಜಧಾನಿ ವಲ್ಲೆಟ್ಟಾದಿಂದ ಉತ್ತರ ತುದಿಯ ಚಿರ್‌ಕೆವ್ವಾಕ್ಕೆ ನಮಗೆ ಒಂದೂಕಾಲು ಗಂಟೆ ಹಿಡಿಯಿತು. ಚಿಕ್ಕ ದೇಶ ಅಂತ ಮೂರು ದಿನಕ್ಕೆ ಹೋಗಬೇಡಿ. ಒಂದು ವಾರವಾದರೂ ಕೊಡಿ, ಹಿರಿಯರಿದ್ದರೆ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ.

ನಾವು ಉಳಿದದ್ದು ಫ್ಲೊರಿಯಾನಾದಲ್ಲಿ. ವಲ್ಲೆಟ್ಟಾದ ಕೋಟೆ ಬಾಗಿಲಿನ ಹೊರಗಿನ ಊರು ಅದು. ದೇಶದ ಹೆಚ್ಚಿನ ಬಸ್ಸು ಹೊರಡುವ ನಿಲ್ದಾಣ ಅಲ್ಲೇ, ಟ್ರೈಟನ್ ಕಾರಂಜಿಯ ಸುತ್ತ. ವಲ್ಲೆಟ್ಟಾದೊಳಗೆ ಉಳಿಯಬೇಕು ಅಂತ ನನಗೆ ಆಸೆಯಿತ್ತು. ಆದರೆ ಅಲ್ಲಿನ ಎಷ್ಟೋ ಬೀದಿಗಳು ಬೀದಿಗಳೇ ಅಲ್ಲ, ಮೆಟ್ಟಿಲ ಸಾಲು. ಹಳೆ ಮನೆಗಳಲ್ಲಿ ಲಿಫ್ಟ್ ಇರುವುದೂ ಅಪರೂಪ. ರೂಮು ಹಿಡಿಯುವ ಮುಂಚೆ "ಎಷ್ಟು ಮೆಟ್ಟಿಲು?" ಅಂತ ಬರೆದು ಕೇಳಿ. ಬರೀ "ಲಿಫ್ಟ್ ಇದೆಯಾ" ಅಂದರೆ ಸಾಲದು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇತ್ತು, ಆದರೆ ಅದನ್ನು ಮುಟ್ಟಲು ಹನ್ನೊಂದು ಮೆಟ್ಟಿಲು ಹತ್ತಬೇಕಿತ್ತು. ದಿನಾ ಸಂಜೆ ಅವ್ವ ಆ ಹನ್ನೊಂದನ್ನೂ ಎಣಿಸುತ್ತಾ ಹತ್ತಿದಳು.

ಬಸ್ಸಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬೇಸಿಗೆಯಲ್ಲಿ ಒಂದು ಟಿಕೆಟ್ಟಿಗೆ 2.50 ಯೂರೋ, ಎರಡು ಗಂಟೆಯೊಳಗೆ ಬಸ್ಸು ಬದಲಿಸಿದರೂ ಅದೇ ಸಾಕು. ನಾವು ವಿಮಾನ ನಿಲ್ದಾಣದಲ್ಲೇ ಏಳು ದಿನದ ಕಾರ್ಡು ಕೊಂಡೆವು, ಒಬ್ಬರಿಗೆ 25 ಯೂರೋ. ಕೈಯೆತ್ತಿ ನಿಲ್ಲಿಸದಿದ್ದರೆ ಬಸ್ಸು ಮುಂದಕ್ಕೆ ಹೋಗಿಬಿಡುತ್ತದೆ. ತುಂಬಿದ್ದರೆ ಕೈಯೆತ್ತಿದರೂ ನಿಲ್ಲುವುದಿಲ್ಲ.

ಇದು ಗೊತ್ತಾಗಿದ್ದು ಮೂರನೇ ದಿನ. ನಡುದಾರಿಯ ಒಂದು ಸ್ಟಾಪಿನಲ್ಲಿ ನಿಂತಿದ್ದೆವು, ನೆರಳಿಲ್ಲ. ಒಂದಾದ ಮೇಲೊಂದು ಮೂರು ಬಸ್ಸು ತುಂಬಿಕೊಂಡು ನಮ್ಮ ಮುಂದೆಯೇ ಹೋದವು. ಅವ್ವ ಸೆರಗು ತಲೆಮೇಲೆ ಎಳೆದುಕೊಂಡು ಕಟ್ಟೆಯ ಮೇಲೆ ಕೂತಳು. ನಾಲ್ಕನೆಯದು ನಿಂತಿತು. ಸೀರೆ ನೋಡಿ ಡ್ರೈವರ್ ನಕ್ಕ. ಅವನು ಆಂಧ್ರದ ಹುಡುಗ. ಮಾಲ್ಟಾದಲ್ಲಿ ಬಸ್ಸು, ಟ್ಯಾಕ್ಸಿ ಓಡಿಸುವವರಲ್ಲಿ, ಆಸ್ಪತ್ರೆಯ ನರ್ಸುಗಳಲ್ಲಿ ನಮ್ಮ ದೇಶದವರು ತುಂಬಾ ಇದ್ದಾರೆ. ಗಂಗಾವತಿಯ ಸುತ್ತ ಆಂಧ್ರದವರು ಬಂದು ನೆಲೆಸಿದ ಕ್ಯಾಂಪುಗಳ ಪಕ್ಕ ಬದುಕಿದ ಅವ್ವನಿಗೆ ತೆಲುಗು ಸಲೀಸು. "ಏ ಊರು ಬಾಬು?" ಅಂದಳು. ಇಳಿಯುವಾಗ ಆತ ಹೇಳಿದ: "ಅಮ್ಮಾ, ನಡುವೆ ಹತ್ತಬೇಡಿ. ಎಲ್ಲಿಂದ ಬಸ್ಸು ಹೊರಡುತ್ತೋ ಅಲ್ಲಿಗೇ ಹೋಗಿ ಹತ್ತಿ." ಅಲ್ಲಿಂದ ಮುಂದೆ ಆ ಮಾತು ಬಿಡಲಿಲ್ಲ, ನಿಂತುಕೊಂಡು ಹೋಗುವ ಕಷ್ಟವೂ ಬರಲಿಲ್ಲ.

ಬಸ್ಸಿನ ಬೋರ್ಡು ಓದಲು ಒಂದೆರಡು ಅಕ್ಷರ ಗೊತ್ತಿರಬೇಕು. ಮಾಲ್ಟೀಸ್ ಅರಬ್ಬಿಯ ಸಂಬಂಧಿ ಭಾಷೆ, ಆದರೆ ಬರೆಯುವುದು ರೋಮನ್ ಲಿಪಿಯಲ್ಲಿ. ಎಕ್ಸ್ ಕಂಡರೆ 'ಶ' ಅಂತ ಓದಿ. ಕ್ಯೂ ಕಂಡರೆ ಗಂಟಲಲ್ಲೇ ಉಸಿರು ಹಿಡಿದು ಬಿಟ್ಟ ಹಾಗೆ, ಹೊರಗಿನವರ ಕಿವಿಗೆ ಅದು ಕೇಳುವುದೇ ಇಲ್ಲ. ಮಾರ್ಸಾಶ್ಲೊಕ್ ಅನ್ನುವ ಊರು, ಹಾಜಾರ್ ಈಮ್ ಅನ್ನುವ ಗುಡಿ, ಇವುಗಳ ಹೆಸರೆಲ್ಲ ಹೀಗೇ. ಉಚ್ಚಾರ ತಪ್ಪಿದರೆ ಗಾಬರಿ ಬೇಡ, ಇಂಗ್ಲಿಷ್ ಕೂಡ ಅಲ್ಲಿನ ಅಧಿಕೃತ ಭಾಷೆ. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದ ದೇಶ. ಗಾಡಿಗಳೂ ನಮ್ಮ ಹಾಗೇ ಎಡಕ್ಕೆ ಓಡುತ್ತವೆ, ರಸ್ತೆ ದಾಟುವಾಗ ಗಲಿಬಿಲಿ ಇಲ್ಲ.

ಈಗ ಕಲ್ಲಿನ ವಿಷಯ.

ಪಾವ್ಲಾ ಅನ್ನುವ ಊರಿನ ಮಾಮೂಲಿ ಮನೆಗಳ ಬೀದಿಯಲ್ಲಿ, ನೆಲದ ಕೆಳಗೆ, ಹಾಲ್ ಸಫ್ಲಿಯೆನಿ ಹೈಪೋಜಿಯಮ್ ಇದೆ. ಬಂಡೆಯನ್ನೇ ಕೊರೆದು ಮೂರು ಅಂತಸ್ತು ಮಾಡಿದ ಸಮಾಧಿ ಗುಹೆ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಗೆಯುವಾಗ ಸಿಕ್ಕಿತು. ಸುಮಾರು 7,000 ಜನರ ಅಸ್ಥಿ ಅಲ್ಲಿತ್ತು ಅಂತ ಅಂದಾಜು. ಜನರ ಉಸಿರಿನಿಂದ ಗೋಡೆಯ ಬಣ್ಣ ಹಾಳಾಗುತ್ತದೆ ಅಂತ ಗಂಟೆಗೆ ಹತ್ತೇ ಜನರನ್ನು ಬಿಡುತ್ತಾರೆ. ಹಾಗಾಗಿ ಟಿಕೆಟ್ಟು ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತದೆ. ನಾನು ನೋಡಿದ್ದು ಹೊರಡುವ ಮೂರು ವಾರ ಮುಂಚೆ. ಒಂದೂ ಇರಲಿಲ್ಲ. ತಪ್ಪು ನನ್ನದೇ. ಮಾಲ್ಟಾಕ್ಕೆ ಹೋಗುವುದು ಖಚಿತ ಆದ ದಿನವೇ ಬೇರೆ ಏನೂ ಮಾಡುವ ಮುಂಚೆ ಈ ಟಿಕೆಟ್ ತೆಗೆದಿಡಿ.

ಆದರೆ ಒಂದು ದಾರಿ ಉಳಿದಿತ್ತು. ಮರುದಿನದ ಕೆಲವು ಟಿಕೆಟ್ಟುಗಳನ್ನು ವಲ್ಲೆಟ್ಟಾದ ಸೇಂಟ್ ಎಲ್ಮೋ ಕೋಟೆಯಲ್ಲಿ ಮೊದಲು ಬಂದವರಿಗೆ ಮಾರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಎಷ್ಟೋ ಮುಂಚೆಯೇ ಹೋಗಿ ನಿಂತೆವು. ನಮ್ಮ ಮುಂದೆ ಐದು ಜನ. ಅವ್ವ ಚೀಲದಿಂದ ಒಗ್ಗರಣೆ ಅವಲಕ್ಕಿ ತೆಗೆದಳು, ಮುಂದಿದ್ದ ಇಟಲಿಯ ಗಂಡ ಹೆಂಡತಿಗೂ ಕೊಟ್ಟಳು. ಟಿಕೆಟ್ ಸಿಕ್ಕಿತು. ಒಬ್ಬರಿಗೆ 50 ಯೂರೋ. ದುಬಾರಿ ಅನಿಸುತ್ತದೆ, ಅಲ್ವಾ? ನನಗೂ ಅನಿಸಿತ್ತು, ಒಳಗೆ ಹೋಗುವವರೆಗೆ.

ಒಳಗೆ ಫೋಟೋ ಇಲ್ಲ. ಚೀಲ, ಮೊಬೈಲು ಎಲ್ಲ ಹೊರಗಿಡಬೇಕು. ಕಿವಿಗೆ ಕೇಳುವ ಯಂತ್ರ ಕೊಡುತ್ತಾರೆ. ಕಿರಿದಾದ ಓಣಿ, ತಣ್ಣಗಿನ ತೇವ. ದೀಪ ಒಂದೊಂದಾಗಿ ಹತ್ತುತ್ತದೆ, ನಾವು ದಾಟಿದ ಮೇಲೆ ಆರುತ್ತದೆ. ಒಂದು ಕೋಣೆಯ ಚಾವಣಿಯ ತುಂಬ ಕೆಮ್ಮಣ್ಣಿನಿಂದ ಬರೆದ ಸುರುಳಿಗಳು. ಮುಂದೆ ಒಂದು ಕಡೆ ಬಂಡೆಯನ್ನೇ ಕೆತ್ತಿ ಕಂಬ, ತೊಲೆ, ಒಂದರ ಮೇಲೊಂದು ಒಳಸರಿದ ಚಾವಣಿ ಮಾಡಿದ್ದಾರೆ. ಮೇಲೆ ಕಟ್ಟುವ ಗುಡಿಯನ್ನು ಕೆಳಗೆ ಕೊರೆದಿದ್ದಾರೆ. ಅದೂ ಕಬ್ಬಿಣ ಗೊತ್ತಿಲ್ಲದ ಕಾಲದಲ್ಲಿ, ಐದು ಸಾವಿರ ವರ್ಷದ ಹಿಂದೆ. ಅವ್ವ ನನ್ನ ತೋಳು ಹಿಡಿದು ನಿಂತಿದ್ದಳು. ಯಂತ್ರದಲ್ಲಿ ಬರುವ ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಸತ್ತವರನ್ನು ಇಟ್ಟ ಗೂಡುಗಳ ಮುಂದೆ ಬಂದಾಗ ಚಪ್ಪಲಿ ಬಿಡಲು ಹೋದಳು. ನೆಲ ಒದ್ದೆಯಾಗಿತ್ತು, ನಾನು ಬೇಡ ಅಂದೆ. ಆಗಲಿ ಅಂತ ಕೈ ಮುಗಿದಳು.

ಅಲ್ಲಿ ಸಿಕ್ಕ, ಒಂದು ಗೇಣೂ ಉದ್ದವಿಲ್ಲದ, ಒಂದು ಮಗ್ಗುಲಿಗೆ ಮಲಗಿದ ಹೆಣ್ಣಿನ ಬೊಂಬೆ ಈಗ ವಲ್ಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಹೈಪೋಜಿಯಮ್ ಸಿಗದವರು ಅದನ್ನಾದರೂ ನೋಡಿಬನ್ನಿ.

ಹಾಜಾರ್ ಈಮ್, ಇಮ್‌ನೈದ್ರಾ ಗುಡಿಗಳು ದಕ್ಷಿಣದಲ್ಲಿ, ಸಮುದ್ರದ ಮೇಲಿನ ದಿಬ್ಬದಲ್ಲಿವೆ. ಬಸ್ಸು ಕಡಿಮೆ, ವಾಪಸ್ ಬಸ್ಸಿನ ಹೊತ್ತನ್ನು ಇಳಿದ ತಕ್ಷಣವೇ ನೋಡಿಟ್ಟುಕೊಳ್ಳಿ. ಬಿಸಿಲಿಗೆ, ಮಳೆಗೆ ಕಲ್ಲು ಸವೆಯಬಾರದು ಅಂತ 2009ರಿಂದ ಮೇಲೆ ದೊಡ್ಡ ಬಿಳಿ ಚಪ್ಪರ ಹಾಕಿದ್ದಾರೆ. ಹಾಜಾರ್ ಈಮ್‌ನಿಂದ ಇಮ್‌ನೈದ್ರಾಕ್ಕೆ ಅರ್ಧ ಕಿಲೋಮೀಟರ್ ಇಳಿಜಾರು. ಇಳಿಯುವುದು ಸುಲಭ, ಹತ್ತುವಾಗ ಮೊಣಕಾಲು ಮಾತಾಡುತ್ತದೆ. ಬೆಳಿಗ್ಗೆಯೇ ಹೋಗಿ, ನೀರು ಒಯ್ಯಿರಿ.

ಅಲ್ಲಿ ಒಂದು ನಿಂತ ಚಪ್ಪಡಿಯ ನಡುವೆ ಕಿಂಡಿಯಂತೆ ಬಾಗಿಲು ಕೊರೆದಿದ್ದಾರೆ. ಅವ್ವ ಅದರ ಮುಂದೆ ತುಂಬಾ ಹೊತ್ತು ನಿಂತಳು. "ನಮ್ಮ ಗುಡ್ಡದಾಗ ದುಂಡಗ ಐತಿ. ಇಲ್ಲಿ ಚೌಕ." ನಿಜ, ಹಿರೇಬೆಣಕಲ್ಲಿನ ಕಲ್ಲುಮನೆಗಳ ಚಪ್ಪಡಿಯಲ್ಲೂ ಹೀಗೇ ಕಿಂಡಿ ಇವೆ, ಆದರೆ ದುಂಡಗೆ. ನಮ್ಮವು ಇವಕ್ಕಿಂತ ಎಷ್ಟೋ ಕಾಲ ಆಮೇಲಿನವು. ಎರಡಕ್ಕೂ ಸಂಬಂಧವಿಲ್ಲ. ಆದರೂ ಸಾವಿರಾರು ಮೈಲಿ ಆಚೆ ಅವ್ವ ತನ್ನೂರಿನ ಕೈಗೆಲಸದ ಜೊತೆ ಹೋಲಿಸಿ ನೋಡುತ್ತಿದ್ದದ್ದನ್ನು ನಾನು ಮರೆಯಲಾರೆ. ಮೋರೇರ ಗುಡ್ಡಕ್ಕೂ ಇಂಥ ಒಂದು ಕಾವಲು, ಒಂದು ಬಸ್ಸು, ಒಂದು ಕುಡಿಯುವ ನೀರಿನ ನಲ್ಲಿ ಬೇಕು ಅಂತ ಅವತ್ತಿಡೀ ನನ್ನ ಮನಸ್ಸಿನಲ್ಲಿ ಓಡುತ್ತಿತ್ತು.

ಊಟದ ಬಗ್ಗೆ ಹೆದರಿಕೆ ಬೇಡ. ಎಲ್ಲ ಕಡೆ ಪಾಸ್ತಿತ್ಸಿ ಸಿಗುತ್ತದೆ. ಪದರ ಪದರವಾದ ಬಿಸಿ ಕಡುಬು, ಒಳಗೆ ರಿಕೊಟ್ಟಾ ಗಿಣ್ಣು ಇಲ್ಲವೇ ಬಟಾಣಿ. ಸಸ್ಯಾಹಾರಿಗಳು ಒಂದು ಮಾತು ಕೇಳಲೇಬೇಕು: ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿದ್ದೀರಾ? ಕೆಲವರು ಹಾಕುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾವು ಕೇಳಿದ ಎರಡನೇ ಅಂಗಡಿಯ ಹೆಂಗಸು ಒಳಗೆ ಹೋಗಿ ಡಬ್ಬವನ್ನೇ ತಂದು ತೋರಿಸಿದಳು. ಗಿಡದ ಎಣ್ಣೆಯ ಕೊಬ್ಬು. ಅಲ್ಲಿಂದ ದಿನಾ ಅವಳ ಅಂಗಡಿಯ ಬಟಾಣಿಯದ್ದೇ ತಿಂಡಿ. ಬಿಗಿಲ್ಲಾ ಅಂತ ಇನ್ನೊಂದಿದೆ. ಒಣ ಕಾಳನ್ನು ಬೇಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಅರೆದದ್ದು. ನಮ್ಮ ಬಾಯಿಗೆ ಸರಿಹೊಂದುತ್ತದೆ. ಟೊಮೇಟೊ, ಆಲಿವ್ ಎಣ್ಣೆ ಸವರಿದ ಬ್ರೆಡ್ಡನ್ನು ಟೂನಾ ಮೀನು ಇಲ್ಲದೆ ಕೊಡಿ ಅಂದರೆ ಕೊಡುತ್ತಾರೆ. ಭಾರತದ ದಿನಸಿ ಅಂಗಡಿಗಳೂ ಇವೆ, ಅಡುಗೆಮನೆ ಇರುವ ರೂಮು ಹಿಡಿದರೆ ರಾತ್ರಿ ಅನ್ನ ಸಾರು ಮಾಡಿಕೊಳ್ಳಬಹುದು. ನಲ್ಲಿ ನೀರು ಹೆಚ್ಚಿನದು ಸಮುದ್ರದ್ದೇ, ಉಪ್ಪು ತೆಗೆದದ್ದು. ಕುಡಿದರೆ ತೊಂದರೆಯಿಲ್ಲ, ರುಚಿ ಇಲ್ಲ ಅಷ್ಟೇ.

ವಲ್ಲೆಟ್ಟಾದ ಸೇಂಟ್ ಜಾನ್ ಕೋ-ಕೆಥೆಡ್ರಲ್ಲಿಗೆ ಭಾನುವಾರ ಹೋಗಿ ವಾಪಸ್ ಬಂದೆವು, ಅವತ್ತು ಪ್ರವಾಸಿಗರಿಗೆ ಬಾಗಿಲಿಲ್ಲ. ಸೋಮವಾರ ನೋಡಿದೆವು. ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ದೊಡ್ಡ ಚಿತ್ರ ಅಲ್ಲಿದೆ. ಅವನು ಸಹಿ ಹಾಕಿದ ಚಿತ್ರ ಅದೊಂದೇ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು, ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದ್ದರೆ ಒಳಗೆ ಸೇರಿಸುವುದಿಲ್ಲ, ಯಾಕಂದರೆ ನೆಲದ ತುಂಬ ಅಮೃತಶಿಲೆಯ ಗೋರಿಗಳಿವೆ. ಭಾನುವಾರ ಬಾಗಿಲು ಮುಚ್ಚಿದ್ದರಿಂದ ಮಾರ್ಸಾಶ್ಲೊಕ್ ಸಂತೆಗೆ ಹೋದೆವು. ಮೀನಿನ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದರೂ ದೋಣಿಗಳನ್ನು ನೋಡಿ ಖುಷಿಪಟ್ಟಳು. ಹಳದಿ, ಕೆಂಪು, ನೀಲಿ ಬಣ್ಣದ ದೋಣಿಗಳ ಮೂತಿಯ ಎರಡೂ ಕಡೆ ಕಣ್ಣು ಬರೆದಿರುತ್ತಾರೆ, ಸಮುದ್ರದಲ್ಲಿ ಕೆಟ್ಟದ್ದು ತಟ್ಟಬಾರದು ಅಂತ.

ಕೋಮಿನೋ ದ್ವೀಪದ ಬ್ಲೂ ಲಗೂನ್ ಅನ್ನುವ ನೀಲಿ ನೀರಿನ ಕೊಲ್ಲಿಯನ್ನು ನಾವು ಬಿಟ್ಟೆವು. ಹೋಗುವವರು 2025ರಿಂದ ಮೊದಲೇ ಹೊತ್ತು ಬುಕ್ ಮಾಡಬೇಕು. ಬಂದರಿನಿಂದ ವಲ್ಲೆಟ್ಟಾಕ್ಕೆ ಹತ್ತುವ 58 ಮೀಟರ್ ಎತ್ತರದ ಬರಾಕ್ಕಾ ಲಿಫ್ಟನ್ನು ಮಾತ್ರ ಬಿಡಬೇಡಿ, ಮೊಣಕಾಲಿಗೆ ಅದು ದೊಡ್ಡ ಉಪಕಾರ.

ಎಂಟನೇ ದಿನ ಗೋಜೋ ದ್ವೀಪ. ಚಿರ್‌ಕೆವ್ವಾದಿಂದ ಹಡಗು, 25 ನಿಮಿಷ. ಹೋಗುವಾಗ ಯಾರೂ ಟಿಕೆಟ್ ಕೇಳಲಿಲ್ಲ, ನನಗೆ ದಿಗಿಲಾಯಿತು. ಅಲ್ಲಿ ದುಡ್ಡು ತೆಗೆದುಕೊಳ್ಳುವುದು ವಾಪಸ್ ಬರುವಾಗ ಮಾತ್ರ. ಗೋಜೋದ ಬಂದರಿನಿಂದ ವಿಕ್ಟೋರಿಯಾ, ಅಲ್ಲಿ ಬಸ್ಸು ಬದಲಿಸಿ ಶಾರಾ ಊರು. ಜ್ಗಾಂತಿಯಾ ಗುಡಿಗಳು ಅಲ್ಲಿವೆ. ಗೋಡೆಯ ಕಲ್ಲುಗಳು ಎರಡಾಳು, ಮೂರಾಳು ಎತ್ತರ ಏರಿವೆ.

ನೆರಳಿನಲ್ಲಿ ಕೂತಿದ್ದ ಅಲ್ಲಿನ ಒಬ್ಬ ಅಜ್ಜಿ ಕತೆ ಹೇಳಿದಳು. ಸನ್ಸೂನಾ ಅನ್ನುವ ರಾಕ್ಷಸಿ ಕಾಳು, ಜೇನು ತಿಂದುಕೊಂಡು, ಒಂದು ಹೆಗಲಿಗೆ ಮಗುವನ್ನು ಹಾಕಿಕೊಂಡು ಈ ಕಲ್ಲುಗಳನ್ನು ಹೊತ್ತು ತಂದು ಕಟ್ಟಿದಳಂತೆ. ನಾನು ಅವ್ವನಿಗೆ ಹೇಳಿದೆ. ಅವ್ವ ತನ್ನ ಕುಳ್ಳರ ಕತೆ ಹೇಳಿದಳು, ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಕೈಯಿಂದ ನೆಲದ ಹತ್ತಿರ ಅಳತೆ ತೋರಿಸಿ "ಇಷ್ಟೇನಾ?" ಅಂದಳು. ಅವ್ವ ಆ ಕೈಯನ್ನು ಹಿಡಿದು ಇನ್ನೊಂದು ಗೇಣು ಮೇಲಕ್ಕೆತ್ತಿದಳು. ಆಮೇಲೆ ಗೋಡೆಯನ್ನು ನೋಡಿ ನನಗೆ ಅಂದಳು, "ಕೂಸು ಎತ್ಕೊಂಡಾಕಿ ಕಟ್ಟ್ಯಾಳ ಅಂದ್ರ ಇದನ್ನ ನಾ ನಂಬತೀನಿ."

ಸಂಜೆ ಇಮ್‌ಜಾರ್ ಬಂದರಿನಲ್ಲಿ ಇಬ್ಬರಿಗೂ ಸೇರಿ 9.30 ಯೂರೋ ಕೊಟ್ಟು ಹಡಗು ಹತ್ತಿದೆವು. ಚಿರ್‌ಕೆವ್ವಾದಲ್ಲಿ ಹಡಗಿನಿಂದ ಇಳಿದವರಲ್ಲಿ ನಾವೇ ಮೊದಲು ಬಸ್ಸಿನ ಸಾಲಿಗೆ ಬಂದೆವು. ಬಸ್ಸು ಹೊರಡುವುದೇ ಅಲ್ಲಿಂದ, ಖಾಲಿ ಇತ್ತು. ಅವ್ವ ಕಿಟಕಿ ಪಕ್ಕ ಕೂತು, ಚೀಲದಿಂದ ಉಳಿದ ಅವಲಕ್ಕಿ ತೆಗೆದು ನನ್ನ ಕೈಗೆ ಸುರಿದು, ವಲ್ಲೆಟ್ಟಾ ಬರುವವರೆಗೂ ನಿದ್ದೆ ಮಾಡಿದಳು.